ಎಲ್ಲರಿಗೂ ಐವತ್ತೇಳು

ರಾತ್ರಿ ಹನ್ನೊಂದೂವರೆಗೆ ಆರ್ಡಿಸ್ ಟಾಲೆಫ್ಸನ್‌ಳ ಬಾಯೊಳಗೆ ಟಿಕ್ ಎಂದು ಸಣ್ಣದೊಂದು ಸದ್ದಾಯಿತು. ಅಡುಗೆಮನೆಯ ಮೇಜಿನ ಮೇಲೆ ಮರುದಿನದ ಪಾಠದ ಲೆಕ್ಕ ಹರಡಿಕೊಂಡು ಪೆಪ್ಪರ್‌ಮಿಂಟ್ ಕಡಿಯುತ್ತ ಕೂತಿದ್ದಳು. ಪೆಪ್ಪರ್‌ಮಿಂಟೇ ಮುರಿಯಿತು ಎಂದುಕೊಂಡು ನಾಲಿಗೆಯಿಂದ ತಡವಿ ನೋಡಿದರೆ, ಅದು ಗುಂಡುಕಲ್ಲಿನ ಹಾಗೆ ಇಡಿಯಾಗಿಯೇ ಇತ್ತು. ಎಡಗಡೆಯ ದವಡೆಹಲ್ಲಿನ ಒಂದು ಮೂಲೆ ಮಾತ್ರ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕನ್ನಡಿಯ ಹತ್ತಿರ ಓಡುತ್ತಿದ್ದರು. ಆರ್ಡಿಸ್ ಓಡಿದ್ದು ನೌಕರಿಯ ಕಾಗದಗಳಿದ್ದ ಡ್ರಾಯರಿನ ಹತ್ತಿರ. ಟೊರ್ವಿಕ್ ಹೈಸ್ಕೂಲಿನಲ್ಲಿ ಅವಳದು ಅರ್ಧ ನೌಕರಿ. ಬೆಳಿಗ್ಗೆ ರಸಾಯನಶಾಸ್ತ್ರ ಹೇಳಿ ಮಧ್ಯಾಹ್ನ ಮನೆಗೆ ಬರುವುದು. ಅರ್ಧ ನೌಕರಿಯವರ ಹಲ್ಲಿಗೆ ವಿಮೆ ಇಲ್ಲ ಎನ್ನುವುದು ಅವಳಿಗೆ ಮೊದಲೇ ಗೊತ್ತಿತ್ತು. ಆದರೂ ಕಾಗದದಲ್ಲಿ ಎಲ್ಲಾದರೂ ಅರ್ಧ ಹಲ್ಲಿಗಾದರೂ ಉಂಟೋ ಎಂದು ಎರಡು ಸಲ ಓದಿದಳು. ಇರಲಿಲ್ಲ. ಪೂರ್ತಿ ನೌಕರಿಯವರಿಗೆ ಕಣ್ಣು, ಹಲ್ಲು, ಮೊಣಕಾಲು ಎಲ್ಲಕ್ಕೂ ಇತ್ತು.

ಅವಳ ಅರ್ಧವನ್ನು ಪೂರ್ತಿ ಮಾಡಬೇಕೋ ಬೇಡವೋ ಎಂದು ನೋಡುವುದಕ್ಕೆ ಪ್ರಿನ್ಸಿಪಾಲರು ಮರುದಿನ ಬೆಳಿಗ್ಗೆಯೇ ತರಗತಿಗೆ ಬಂದು ಕೂರುವವರಿದ್ದರು.

ಸದ್ದು ಕೇಳಿ ಅಲ್ಲದಿದ್ದರೂ ದೀಪದ ಬೆಳಕಿಗೆ ಎಚ್ಚರಾಗಿ ಗಂಡ ವೆಂಡೆಲ್ ಎದ್ದು ಬಂದ. ಊರಿನ ಧಾನ್ಯದ ಉಗ್ರಾಣದಲ್ಲಿ ಕೆಲಸ ಮಾಡುವ ಅವನು ಮಾತನ್ನೂ ಧಾನ್ಯದ ಹಾಗೆ ಅಳೆದೇ ಕೊಡುವವನು. ಹೆಂಡತಿಯ ಬಾಯಿಗೆ ಟಾರ್ಚ್ ಹಿಡಿದು ಸ್ವಲ್ಪ ಹೊತ್ತು ನೋಡಿದ.

"ನಾಳೆ ನಗಬೇಡ, ಅಷ್ಟೇ," ಅಂದ.

"ನಗೋ ಹಾಗಿದ್ರೆ ತಾನೇ. ಉತ್ತರ ಐವತ್ತೇಳು ಬರದೆ ಹೋದ್ರೆ ಏನು ಗತಿ ಅಂತ ನಂಗೆ."

"ಬರತ್ತೆ ಬಿಡು. ನಂಗೂ ಬಂದಿತ್ತು. ಮಿಸ್ ನೈಗಾರ್ಡ್ ಕಾಲದಲ್ಲಿ ಎಲ್ರಿಗೂ ಬರ್ತಿತ್ತು."

ಮಿಸ್ ನೈಗಾರ್ಡ್ ಮೂವತ್ತನಾಲ್ಕು ವರ್ಷ ಆ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿ ಹಿಂದಿನ ವರ್ಷ ನಿವೃತ್ತರಾಗಿದ್ದರು. ಅವರ ತರಗತಿಯಲ್ಲಿ ಪ್ರತಿ ನವೆಂಬರಿನಲ್ಲೂ ಈ ಪ್ರಯೋಗ ನಡೆಯುತ್ತಿತ್ತು. ಆಮ್ಲವನ್ನೂ ಕ್ಷಾರವನ್ನೂ ಸಮಸಮವಾಗಿ ಬೆರೆಸಿದರೆ ಒಂದರ ಸೊಕ್ಕನ್ನು ಇನ್ನೊಂದು ಮುರಿದು ಎರಡೂ ಉಪ್ಪುನೀರಾಗಿ ತಣ್ಣಗಾಗುತ್ತವೆ. ತಣ್ಣಗಾಗುವ ಮೊದಲು ಆ ಜಗಳದಲ್ಲಿ ಒಂದಿಷ್ಟು ಶಾಖ ಹೊರಗೆ ಬರುತ್ತದೆ. ನೀರು ಎಷ್ಟು ಡಿಗ್ರಿ ಬಿಸಿಯಾಯಿತು ಎಂದು ಥರ್ಮಾಮೀಟರಿನಲ್ಲಿ ನೋಡಿ, ನೀರಿನ ತೂಕದಿಂದಲೂ ವಿಶಿಷ್ಟ ಶಾಖದಿಂದಲೂ ಗುಣಿಸಿ, ಆಮ್ಲದ ಪ್ರಮಾಣದಿಂದ ಭಾಗಿಸಿದರೆ, ಪಠ್ಯಪುಸ್ತಕದ ಪ್ರಕಾರ ಐವತ್ತೇಳು ಚಿಲ್ಲರೆ ಕಿಲೋಜೌಲ್ ಬರಬೇಕು.

ಆರ್ಡಿಸ್ ಅಯೋವಾದಿಂದ ಮದುವೆಯಾಗಿ ಬಂದವಳು. ಅವಳು ಓದಿದ ಕಾಲೇಜಿನಲ್ಲಿ ಇದೇ ಪ್ರಯೋಗವನ್ನು ಮೂರು ಸಲ ಮಾಡಿದ್ದಳು. ಒಂದು ಸಲ ನಲವತ್ತೊಂಬತ್ತು ಬಂದಿತ್ತು, ಒಂದು ಸಲ ಅರವತ್ತೊಂದು, ಮೂರನೆಯ ಸಲ ಲೋಟ ಮಗುಚಿಕೊಂಡಿತ್ತು. ಐವತ್ತೇಳು ಬಂದವರನ್ನು ಅವಳು ಕಣ್ಣಾರೆ ಕಂಡೇ ಇರಲಿಲ್ಲ. ಈ ಊರಿನ ನೀರಿನಲ್ಲೇ ಏನೋ ಗುಣವಿರಬೇಕು ಎಂದುಕೊಂಡು, ಬಲಮಗ್ಗುಲಿಗೆ ತಿರುಗಿ ಮಲಗಿದಳು.

ಬೆಳಿಗ್ಗೆ ಆರೂವರೆಗೇ ಶಾಲೆಯಲ್ಲಿದ್ದಳು. ತರಗತಿಯ ಹಿಂದಿನ ಚಿಕ್ಕ ಕೋಣೆಯ ಕಪಾಟಿನ ಬಾಗಿಲಿನ ಒಳಗೆ ಮಿಸ್ ನೈಗಾರ್ಡ್ ಕೈಬರಹದ ಚೀಟಿಯೊಂದು ಇನ್ನೂ ಇತ್ತು: 'ಮೊದಲು ಹೆಸರು, ಆಮೇಲೆ ನೀರು, ಕಡೆಗೆ ಆಮ್ಲ.' ಹೆಸರು ಅಂಟಿಸದ ಜಾಡಿ ಪ್ರಯೋಗಶಾಲೆಯಲ್ಲಿ ಮುಖ ಮುಚ್ಚಿಕೊಂಡ ಕಳ್ಳನಿದ್ದ ಹಾಗೆ. ಅದಕ್ಕೇ ಮೊದಲು ಹೆಸರು. ಆಮ್ಲದ ಮೇಲೆ ನೀರು ಹೊಯ್ದರೆ ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಮುಖಕ್ಕೆ ಸಿಡಿಯುತ್ತದೆ; ಅದಕ್ಕೇ ನೀರಿನ ಮೇಲೆ ಆಮ್ಲ. ಆರ್ಡಿಸ್ ಇಂಥ ನಿಯಮಗಳನ್ನು ಪ್ರೀತಿಸುವವಳು. ಕ್ಷಾರದ ಜಾಡಿಯನ್ನು ಮೊದಲು ಮಾಡಿ ಪಕ್ಕಕ್ಕಿಟ್ಟಳು. ಇನ್ನೊಂದು ದೊಡ್ಡ ಜಾಡಿಗೆ ಕೆಂಪು ಅಕ್ಷರದಲ್ಲಿ 'ಆಮ್ಲ' ಎಂದು ಬರೆದು ಅಂಟಿಸಿದಳು. ನೀರು ತುಂಬಿದಳು. ಕೈಗವಸಿಗೆ ಕೈ ಚಾಚುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಫುಟ್‌ಬಾಲ್ ಕೋಚ್ ಡ್ವೇನ್ ಪ್ರೊಚಾಸ್ಕ ಬಾಗಿಲು ತುಂಬಿಕೊಂಡು ನಿಂತಿದ್ದ. ಒಳ್ಳೆಯವನೇ. ಆದರೆ ಒಳ್ಳೆಯ ಸುದ್ದಿ ಹೇಳುವಾಗಲೂ ತಂಡ ಸೋತವನ ಮುಖ ಮಾಡಿಕೊಂಡೇ ಹೇಳುವವನು; ಈಗಂತೂ ಸುದ್ದಿಯೇ ಕೆಟ್ಟದಿತ್ತು.

"ಏನಮ್ಮಾ ಆರ್ಡಿಸ್, ಸ್ಟಾಫ್‌ರೂಮಿನ ಕಪಾಟಲ್ಲಿ ಥರ್ಮಾಕೋಲ್ ಲೋಟ ಇತ್ತಲ್ಲ, ಅದು ನಿಂಗೆ ಬೇಕಿತ್ತಾ?"

"ಬೇಕಿತ್ತಾ ಅಂದ್ರೆ? ಅದರಲ್ಲೇ ಪ್ರಯೋಗ."

"ಹಂಗಾದ್ರೆ ಹೋಯ್ತು," ಅಂದ ಡ್ವೇನ್.

ಹಿಂದಿನ ಸಂಜೆ ಚರ್ಚಿನಲ್ಲಿ ಲುಟೆಫಿಸ್ಕ್ ಊಟವಿತ್ತು. ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ, ಕ್ಷಾರದಲ್ಲಿ ನೆನೆಸಿ ಲೋಳೆಯಾದ ಮೀನನ್ನು ಬೆಣ್ಣೆ ಸುರಿದುಕೊಂಡು ತಿಂದು, ಚೆನ್ನಾಗಿದೆ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳುವ ಊಟ. ಮುನ್ನೂರು ಜನ ಕಾಫಿ ಕುಡಿದಿದ್ದರು. ಲೋಟ ಸಾಲದೆ ಬಂದಾಗ ಡ್ವೇನ್ ತಾನೇ ಟ್ರಕ್ಕು ಹತ್ತಿ ಬಂದು ಶಾಲೆಯ ಲೋಟಗಳನ್ನೆಲ್ಲ ಎತ್ತಿಕೊಂಡು ಹೋಗಿದ್ದ. ಶಾಖ ಹೊರಗೆ ಸೋರದ ಹಾಗೆ ಹಿಡಿದಿಡುವ ಲೋಟವಿಲ್ಲದೆ ಶಾಖದ ಲೆಕ್ಕ ಮಾಡುವುದು, ತೂತಿನ ಚೀಲದಲ್ಲಿ ಗೋಧಿ ಅಳೆದ ಹಾಗೆ. ಆರ್ಡಿಸ್ ಸ್ಟೂಲಿನ ಮೇಲೆ ಕುಸಿದಳು.

"ಹೆದರ್ಬೇಡ. ನನ್ ಟ್ರಕ್ಕಲ್ಲಿ ಒಂದು ಮದ್ದಿದೆ," ಎಂದು ಡ್ವೇನ್ ಅವಳನ್ನು ಎಳೆದುಕೊಂಡೇ ಹೊರಟ.

ಮದ್ದು ಎಂದರೆ ಬಿಯರ್ ಡಬ್ಬಿಗೆ ತೊಡಿಸುವ ದಪ್ಪ ರಬ್ಬರಿನ ಕುಪ್ಪಸಗಳು. ಬೇಸಿಗೆಯಲ್ಲಿ ಕೆರೆಯ ದಡದಲ್ಲಿ ಬಿಯರು ಬಿಸಿಯಾಗದಿರಲಿ ಎಂದು ಆ ಕಡೆಯ ಗಂಡಸರು ಜೋಪಾನವಾಗಿ ಇಟ್ಟುಕೊಂಡಿರುವ ಆಸ್ತಿ. ಡ್ವೇನನ ಟ್ರಕ್ಕಿನ ಸೀಟಿನ ಕೆಳಗೆ ಅಂಥವು ಒಂದು ಚೀಲದ ತುಂಬ ಇದ್ದವು. ಒಂದರ ಮೇಲೆ ಹೆಂಡದಂಗಡಿಯ ಹೆಸರು, ಒಂದರ ಮೇಲೆ ಎರೆಹುಳು ಮಾರುವವನ ಫೋನ್ ನಂಬರು, ಒಂದರ ಮೇಲೆ ಯಾರದೋ ಮದುವೆಯ ತಾರೀಖು. ಆ ಮದುವೆ ಈಗ ಉಳಿದಿಲ್ಲ, ಕುಪ್ಪಸ ಗಟ್ಟಿಯಾಗಿದೆ ಅಂದ ಡ್ವೇನ್. ಕಾಗದದ ಲೋಟವನ್ನು ಇದರೊಳಗೆ ಕೂರಿಸಿದರೆ ಥರ್ಮಾಕೋಲನ್ನೂ ಮೀರಿಸುತ್ತದೆ ಎಂದು ಅವನ ವಾದ. ವಾದ ತಪ್ಪೇನಿರಲಿಲ್ಲ. ಆರ್ಡಿಸ್‌ಗೆ ಅದೇ ಕಿರಿಕಿರಿ.

ಒಂಬತ್ತು ಕುಪ್ಪಸ ಆರಿಸಿಕೊಂಡು ಬರುವಾಗ ಆಫೀಸಿನ ಫರ್ನ್ ಕಾರಿಡಾರಿನಲ್ಲಿ ಅಡ್ಡಹಾಕಿದಳು. ಶಾಲೆಯಲ್ಲಿ ಯಾರಿಗೆ ಪರೀಕ್ಷೆಯಿದ್ದರೂ ಅವರಿಗೆ ತಿನ್ನಿಸಿ ಧೈರ್ಯ ತುಂಬುವುದು ಫರ್ನ್‌ಳ ವ್ರತ. ಅವಳ ಕೈಯಲ್ಲಿ ಖರ್ಜೂರ ಹಾಕಿ ಬೇಯಿಸಿದ ಸಿಹಿಯ ತಟ್ಟೆಯೂ ಹೊಗೆಯಾಡುವ ಕಾಫಿಯೂ ಇದ್ದವು. ಆ ಊರಿನಲ್ಲಿ ಕೊಟ್ಟದ್ದನ್ನು ಮೂರು ಸಲ ಬೇಡ ಅಂದ ಮೇಲೆಯೇ ತೆಗೆದುಕೊಳ್ಳಬೇಕು, ನಾಲ್ಕನೆಯ ಸಲವೂ ಬೇಡ ಅಂದರೆ ಜಗಳವಾಡಿದ ಲೆಕ್ಕ. ಆರ್ಡಿಸ್ ಮೂರು ಸಲ ಬೇಡ ಅಂದಳು. ನಾಲ್ಕನೆಯ ಸಲ ಕಾಫಿ ಗುಟುಕರಿಸಿದಳು. ಬಿಸಿ ಹೋಗಿ ನೇರವಾಗಿ ಮುರಿದ ಹಲ್ಲಿಗೆ ತಾಗಿ, ನೋವು ಕಿವಿಯ ದಾರಿಯಲ್ಲಿ ನೆತ್ತಿಗೆ ಹತ್ತಿತು. ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ," ಎಂದು ಫರ್ನ್ ಬೆನ್ನು ಸವರಿದಳು. "ನಮ್ಮ ಪ್ರಿನ್ಸಿಪಾಲ್ ಬೆವರ್ಲಿ ಒಳ್ಳೆಯವ್ರು. ಅವ್ರೂ ಮಿಸ್ ನೈಗಾರ್ಡ್ ಕೈಯಲ್ಲೇ ಓದಿದವ್ರು. ಅವ್ರಿಗೆ ಒಂದೇ ಬೇಕಾಗಿರೋದು, ಐವತ್ತೇಳು."

ಬೆನ್ನು ಸವರಿಸಿಕೊಂಡು ಕಣ್ಣೊರಸಿಕೊಂಡು ಬರುವಷ್ಟರಲ್ಲಿ ಗಂಟೆ ಹೊಡೆಯಲು ನಾಲ್ಕೇ ನಿಮಿಷ ಉಳಿದಿತ್ತು. ಆರ್ಡಿಸ್ ಎರಡು ದೊಡ್ಡ ಜಾಡಿಗಳಿಂದ ಚಿಕ್ಕ ಬಾಟಲಿಗಳಿಗೆ ಸುರಿದಳು. ಆಮ್ಲ ಒಂಬತ್ತು, ಕ್ಷಾರ ಒಂಬತ್ತು. ಎಂಟು ಟೇಬಲ್ಲಿಗೆ ಎಂಟು ಜೊತೆ, ತನಗೊಂದು. ಕುಪ್ಪಸಗಳನ್ನು ಬರಹ ಕಾಣದ ಹಾಗೆ ಒಳಗು ಹೊರಗು ಮಾಡಿದಳು. ಕೊನೆಯದಕ್ಕೆ ಸಮಯ ಸಿಗಲಿಲ್ಲ.

ಪ್ರಿನ್ಸಿಪಾಲ್ ಬೆವರ್ಲಿ ಕ್ವಾಮೆ ಐದಡಿ ಎತ್ತರದ ಹೆಂಗಸು. ಎಲ್ಲಿಗೆ ಹೋದರೂ ಐದು ನಿಮಿಷ ಮೊದಲೇ ಹೋಗಿ, ಉಳಿದವರು ತಡವಾದರು ಅನ್ನಿಸುವ ಹಾಗೆ ಕೂರುವವರು. ಈಗಲೂ ಅವರು ಬಂದಾಗಿತ್ತು. ಹಿಂದೆ ಕೂತು ನೋಡುವುದಿಲ್ಲ, ತಾನೂ ಒಂದು ಟೇಬಲ್ ತೆಗೆದುಕೊಂಡು ಮಕ್ಕಳ ಹಾಗೆಯೇ ಮಾಡುತ್ತೇನೆ, ಇಪ್ಪತ್ತೈದು ವರ್ಷದ ಆಸೆ ಎಂದು ಎಂಟನೆಯ ಟೇಬಲ್ಲಿಗೆ ಕೈಚೀಲ ಇಟ್ಟರು. ಒಂದರಿಂದ ಆರರವರೆಗೆ ಮಕ್ಕಳು ಇಬ್ಬಿಬ್ಬರು. ಏಳರಲ್ಲಿ ಮಾರಿಸೊಲ್ ಕ್ವಿಂತಾನಾ ಒಬ್ಬಳೇ. ಅವಳ ಅಪ್ಪ ಅಮ್ಮ ಸಕ್ಕರೆ ಗೆಡ್ಡೆಯ ಕಾರ್ಖಾನೆಯ ಕೆಲಸಕ್ಕೆಂದು ಸೆಪ್ಟೆಂಬರಿನಲ್ಲಷ್ಟೇ ಟೆಕ್ಸಾಸಿನಿಂದ ಬಂದವರು. ಊರಿನವರು ಆ ಹುಡುಗಿಯನ್ನು ಸಿಕ್ಕಲ್ಲೆಲ್ಲ ನಗುನಗುತ್ತ ಮಾತಾಡಿಸುತ್ತಿದ್ದರು. ಜೊತೆಗೆ ಕೂರುವವರು ಮಾತ್ರ ಇನ್ನೂ ಯಾರೂ ಸಿಕ್ಕಿರಲಿಲ್ಲ.

ಪ್ರಯೋಗ ಶುರುವಾಯಿತು. ಮೊದಲ ವಿಘ್ನ ಎಂಟನೆಯ ಟೇಬಲ್ಲಿನಲ್ಲೇ. ತಿರುವದೆ ಉಳಿದ ಒಂದೇ ಒಂದು ಕುಪ್ಪಸ ಪ್ರಿನ್ಸಿಪಾಲರ ಪಾಲಿಗೇ ಬಂದಿತ್ತು. ಅವರು ಕನ್ನಡಕವನ್ನು ಮೂಗಿನ ಮೇಲೆ ಕೂರಿಸಿಕೊಂಡು, ಪಾಠ ಓದುವ ಧ್ವನಿಯಲ್ಲಿ ಓದಿದರು: "ಮೀನು ಸಿಗದಿದ್ದರೇನು, ಬಿಯರು ಸಿಕ್ಕಿತಲ್ಲ."

ಅದು ಶಾಖನಿರೋಧಕ ಎಂದು ಆರ್ಡಿಸ್ ವಿವರಿಸಿದಳು. ಪ್ರಿನ್ಸಿಪಾಲರು ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡರು. ಏನು ಬರೆದರೆಂದು ತಲೆಕೆಳಗಾಗಿ ಓದಲು ಆರ್ಡಿಸ್ ಪ್ರಯತ್ನಪಟ್ಟಳು. 'ಮಿತವ್ಯಯ' ಎಂದಿದ್ದ ಹಾಗೆ ಕಂಡಿತು, 'ಮಿತಿಮೀರಿದ' ಎಂದೂ ಇರಬಹುದಿತ್ತು.

ಮುಂದಿನ ಮೇಜಿನಲ್ಲಿ ತಾನೂ ಮಾಡಿ ತೋರಿಸಬೇಕಿತ್ತು. ಲೋಟಕ್ಕೆ ಆಮ್ಲ ಐವತ್ತು ಮಿಲಿಲೀಟರ್ ಅಳೆದು ಹೊಯ್ದಳು. ಥರ್ಮಾಮೀಟರ್ ಇಪ್ಪತ್ತೊಂದು ಡಿಗ್ರಿ ತೋರಿಸಿತು. ಕ್ಷಾರ ಐವತ್ತು ಮಿಲಿಲೀಟರ್ ಹೊಯ್ದು, ಮುಚ್ಚಿ, ಮೆಲ್ಲಗೆ ಕಲಕಿದಳು. ಕೆಂಪು ಗೆರೆ ಈಗ ಏರಬೇಕು, ಇಪ್ಪತ್ತೇಳನ್ನು ದಾಟಬೇಕು.

ಇಪ್ಪತ್ತೊಂದು.

ಇನ್ನೂ ಸ್ವಲ್ಪ ಕಲಕಿದಳು. ಥರ್ಮಾಮೀಟರನ್ನು ಬೆರಳಿನಿಂದ ತಟ್ಟಿದಳು. ಅದು ಅಟ್ಟದ ಮೇಲೆ ಕೂತ ಬೆಕ್ಕಿನ ಹಾಗೆ ಇಪ್ಪತ್ತೊಂದರಲ್ಲೇ ಕೂತಿತ್ತು. ಆಗ ಅವಳಿಗೆ ಹಿಂದಿನ ಕೋಣೆಯಲ್ಲಿ ಮಡಿಸಿದಂತೆಯೇ ಬಿದ್ದಿದ್ದ ಕೈಗವಸು ನೆನಪಾಯಿತು. ಬಾಗಿಲ ಸಂದಿಯಿಂದ ಕಣ್ಣು ಹಾಯಿಸಿದಳು. ಕಪಾಟಿನಲ್ಲಿ ಗಟ್ಟಿ ಆಮ್ಲದ ಬಾಟಲಿ, ಮುಚ್ಚಳದ ಮೇಲಿನ ಸೀಲೂ ಒಡೆಯದೆ, ಮದುಮಗಳ ಹಾಗೆ ನಿಂತಿತ್ತು.

ಮೊದಲು ಹೆಸರು, ಆಮೇಲೆ ನೀರು. ಕಡೆಗೆ ಬಂದದ್ದು ಡ್ವೇನ್.

ಆಮ್ಲದ ಒಂಬತ್ತು ಬಾಟಲಿಗಳಲ್ಲೂ ಇದ್ದದ್ದು ಟೊರ್ವಿಕ್ ಪಟ್ಟಣದ ನಲ್ಲಿ ನೀರು. ಆರ್ಡಿಸ್‌ಳ ಮುಂದೆ ಎರಡೇ ದಾರಿ ಇತ್ತು. ನಿಲ್ಲಿಸಿ ಎಂದು ಹೇಳಿದರೆ, ನೀರಿಗೆ ಆಮ್ಲದ ಹೆಸರು ಅಂಟಿಸಿ ಮಕ್ಕಳ ಕೈಗೆ ಕೊಟ್ಟೆ ಎಂದು ಪ್ರಿನ್ಸಿಪಾಲರ ಎದುರೇ ಒಪ್ಪಿಕೊಂಡ ಹಾಗೆ. ಹೇಳದಿದ್ದರೆ, ಇನ್ನೈದು ನಿಮಿಷದಲ್ಲಿ ಎಂಟು ಟೇಬಲ್ಲಿನವರೂ ಬಂದು ಕಪ್ಪು ಹಲಗೆಯ ಮೇಲೆ ಎಂಟು ಸೊನ್ನೆ ಬರೆಯುತ್ತಾರೆ. ಪೂರ್ತಿ ನೌಕರಿ ಹಾಗಿರಲಿ, ಇರುವ ಅರ್ಧವೂ ಸೊನ್ನೆ. ಹೇಳಬೇಕೆಂದು ಬಾಯಿ ತೆರೆದಳು. ಗಾಳಿ ಹಲ್ಲಿಗೆ ತಾಗಿತು. ಮುಚ್ಚಿದಳು.

ಅಷ್ಟರಲ್ಲಿ ಮೊದಲನೆಯ ಟೇಬಲ್ಲಿನ ಹುಡುಗ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡು ಬರೆದ: 57.

ಆರ್ಡಿಸ್ ಕಣ್ಣು ಉಜ್ಜಿಕೊಂಡಳು. ಎರಡನೆಯ ಟೇಬಲ್ಲಿನವರು 56.8 ಬರೆದರು. ಮೂರನೆಯವರು 57. ನಾಲ್ಕನೆಯವರು ಇನ್ನೂ ಧೈರ್ಯ ಮಾಡಿ 57.3 ಎಂದು ಬರೆದರು. ಅದು ಆ ಥರ್ಮಾಮೀಟರುಗಳ ಗೆರೆಗಳಿಂದ ಹುಟ್ಟುವ ಸಂಖ್ಯೆಯೇ ಅಲ್ಲ, ಪಠ್ಯಪುಸ್ತಕದಲ್ಲಿ ಮಾತ್ರ ಇರುವ ಸಂಖ್ಯೆ.

ನಲ್ಲಿ ನೀರು ಬಿಸಿಯಾಗುತ್ತಿದೆ ಎಂದರೆ ಇದು ರಸಾಯನಶಾಸ್ತ್ರವಲ್ಲ, ಪವಾಡ. ಆರ್ಡಿಸ್ ಕೈಕಟ್ಟಿಕೊಂಡು ಟೇಬಲ್ಲುಗಳ ನಡುವೆ ಮೆಲ್ಲಗೆ ನಡೆದಳು. ಐದನೆಯ ಟೇಬಲ್ಲಿನ ಹುಡುಗಿಯ ಮೊಣಕಾಲ ಮೇಲೆ ಅಂಚು ಸವೆದ ಹಳೆಯ ನೋಟ್‌ಬುಕ್ಕು ತೆರೆದಿತ್ತು. ಮುಖಪುಟದಲ್ಲಿ ಅವಳ ಅಕ್ಕನ ಹೆಸರು, ಅದರ ಮೇಲೆ ಹೊಡೆದುಹಾಕಿದ್ದ ಅವಳ ಅಮ್ಮನ ಹೆಸರು. ಆರನೆಯ ಟೇಬಲ್ಲಿನ ಕೆಳಗೆ ಇನ್ನೊಂದು, ಇನ್ನೂ ಹಳೆಯದು, ಕಾಫಿ ಲೋಟದ ಕಲೆ ಇದ್ದದ್ದು. ಅಣ್ಣನ ಚಳಿಕೋಟು ತಮ್ಮನಿಗೆ ಬರುವ ಹಾಗೆ, ಅಜ್ಜಿಯ ಬಾಣಲೆ ಮೊಮ್ಮಗಳಿಗೆ ಬರುವ ಹಾಗೆ, ಈ ಊರಿನ ಮನೆಮನೆಯಲ್ಲೂ ರಸಾಯನಶಾಸ್ತ್ರದ ನೋಟ್‌ಬುಕ್ಕು ಕೈಯಿಂದ ಕೈಗೆ ಇಳಿದು ಬಂದಿತ್ತು. ಮೊದಲ ತಾಪ ಇಪ್ಪತ್ತೊಂದು, ಕೊನೆಯ ತಾಪ ಇಪ್ಪತ್ತೇಳು ಪಾಯಿಂಟ್ ಎಂಟು. ಮೂವತ್ತನಾಲ್ಕು ವರ್ಷದಿಂದ ಅದೇ. ಇದರಲ್ಲಿ ಯಾರಿಗೂ ಮೋಸ ಮಾಡುತ್ತಿದ್ದೇವೆ ಎಂಬ ಅಳುಕಿರಲಿಲ್ಲ. ಹಿರಿಯರು ಒಮ್ಮೆ ಅಳೆದಿಟ್ಟದ್ದನ್ನು ಮತ್ತೆ ಅಳೆಯುವುದು ಅವರನ್ನು ನಂಬದ ಹಾಗಾಗುತ್ತದಲ್ಲ, ಅಷ್ಟೇ.

ಎಂಟನೆಯ ಟೇಬಲ್ಲಿನಲ್ಲಿ ಪ್ರಿನ್ಸಿಪಾಲರು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಥರ್ಮಾಮೀಟರನ್ನು ಕಣ್ಣ ಮುಂದೆ ಹಿಡಿದು, "ಇಪ್ಪತ್ತೇಳು ಪಾಯಿಂಟ್ ಎಂಟು," ಎಂದು ಸಂತೋಷದಿಂದ ಓದಿದರು. ಅವರ ಕೈಚೀಲದಿಂದ ಹಳದಿಯಾದ ನೋಟ್‌ಬುಕ್ಕೊಂದು ಇಣುಕುತ್ತಿತ್ತು. ಹಲಗೆಯ ಬಳಿ ಬಂದು 57 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು.

ಆರ್ಡಿಸ್ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಉಸಿರು ಬಂತು. ಎಷ್ಟು ಹಗುರವಾಯಿತೆಂದರೆ, ಅವಳು ಏಳನೆಯ ಟೇಬಲ್ಲನ್ನು ಮರೆತೇಬಿಟ್ಟಿದ್ದಳು.

ಮಾರಿಸೊಲ್ ಕೊನೆಗೆ ಬಂದಳು. ಹಲಗೆಯ ಮೇಲಿದ್ದ ಏಳು ಸಂಖ್ಯೆಗಳನ್ನೂ ಓದಿದಳು. ಹೆಗಲು ಒಮ್ಮೆ ಕುಗ್ಗಿತು. ಆಮೇಲೆ ದುಂಡಗೆ ಒಂದು ಸೊನ್ನೆ ಬರೆದು ಸೀಮೆಸುಣ್ಣ ಇಟ್ಟಳು. ಯಾರೂ ನಗಲಿಲ್ಲ. ಆ ಊರಿನವರು ಎದುರಿಗೆ ನಗುವವರಲ್ಲ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ಪರವಾಗಿಲ್ಲಮ್ಮ, ಕೈ ಪಳಗ್ತಾ ಪಳಗ್ತಾ ಬರತ್ತೆ," ಎಂದರು ಪ್ರಿನ್ಸಿಪಾಲರು, ಮರುಕದಿಂದ.

ಗಂಟೆ ಹೊಡೆದು ಎಲ್ಲರೂ ಹೋದ ಮೇಲೂ ಮಾರಿಸೊಲ್ ನಿಂತಿದ್ದಳು. "ಮಿಸೆಸ್ ಟಾಲೆಫ್ಸನ್, ಮೂರು ಸಲ ಮಾಡ್ದೆ. ಮೂರು ಸಲಾನೂ ಇಪ್ಪತ್ತೊಂದೇ. ನಾನೇನು ತಪ್ಪು ಮಾಡ್ದೆ?"

ಆರ್ಡಿಸ್ ಅವಳ ನೋಟ್‌ಬುಕ್ಕು ಎಳೆದುಕೊಂಡು ಹತ್ತಕ್ಕೆ ಹತ್ತು ಎಂದು ಬರೆದಳು. "ಏನೂ ತಪ್ಪಿಲ್ಲ. ಕಂಡದ್ದನ್ನ ಬರ್ದಿದ್ದೀಯ. ನಾಳೆ ಏಳು ಗಂಟೆಗೆ ಬಾ, ಹೊಸ ಆಮ್ಲದಲ್ಲಿ ಇಬ್ರೂ ಸೇರಿ ಮಾಡೋಣ."

"ಇವತ್ತಿನ ಆಮ್ಲ ಕೆಟ್ಟಿತ್ತಾ?"

"ಕೆಟ್ಟಿರ್ಲಿಲ್ಲ," ಅಂದಳು ಆರ್ಡಿಸ್, ಮಾತು ಹುಡುಕುತ್ತ. "ತುಂಬಾ ಸಾಧುವಾಗಿತ್ತು."

ಹುಡುಗಿ ಜಾಡಿಯನ್ನು ನೋಡಿದಳು, ಹಲಗೆಯನ್ನು ನೋಡಿದಳು. ಹತ್ತಕ್ಕೆ ಹತ್ತನ್ನು ಇನ್ನೊಮ್ಮೆ ನೋಡಿಕೊಂಡು ಹೋದಳು.

ಊಟದ ಹೊತ್ತಿಗೆ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಬೆವರ್ಲಿ ಕ್ವಾಮೆ ಬಾಗಿಲು ಮುಚ್ಚಿ, ಎರಡು ಕೈಯಿಂದಲೂ ಅವಳ ಕೈ ಹಿಡಿದರು.

"ಆರ್ಡಿಸ್, ಇಷ್ಟು ಅಚ್ಚುಕಟ್ಟಾದ ಕ್ಲಾಸು ನಾನು ಈ ವರ್ಷ ನೋಡಿಲ್ಲ. ಕೊನೇ ಇಪ್ಪತ್ತು ನಿಮಿಷ ನೀವು ಒಂದು ಮಾತೂ ಆಡ್ಲಿಲ್ಲ. ಕಂಬದ ಹಾಗೆ ನಿಂತಿದ್ರಿ. ಮಕ್ಕಳು ಅವರಷ್ಟಕ್ಕೆ ಅವರೇ ಮಾಡಿ ಮುಗಿಸಿದ್ರು."

ಆರ್ಡಿಸ್ ಬಲಗಡೆಯ ಹಲ್ಲು ಮಾತ್ರ ಕಾಣುವ ಹಾಗೆ ನಕ್ಕಳು. ಪೂರ್ತಿ ನೌಕರಿಯ ಕಾಗದ ಮೇಜಿನ ಮೇಲೆ ಇದೆಯೇ ಎಂದು ಕಣ್ಣು ಹುಡುಕಿತು.

"ಅದಕ್ಕೇ ನನಗೆ ಒಂದು ವಿಷಯ ಹೊಳೀತು," ಎಂದರು ಪ್ರಿನ್ಸಿಪಾಲರು. "ಸ್ಕೂಲ್ ಬೋರ್ಡಿನವ್ರು ಕೇಳ್ತಿದ್ರು, ಈ ಪಾಠಕ್ಕೆ ಪೂರ್ತಿ ದಿನದ ಒಬ್ಬ ಟೀಚರ್ ಬೇಕೇಬೇಕಾ ಅಂತ. ಬೇಕು ಅಂತಲೇ ಇದ್ದೆ ನಾನೂ. ಇವತ್ತು ಕಣ್ಣಾರೆ ನೋಡಿದ ಮೇಲೆ ಅನ್ನಿಸ್ತು, ಯಾರು ನಿಂತ್ರೂ ಐವತ್ತೇಳು ಬರತ್ತೆ. ಮಧ್ಯಾಹ್ನದ ಕ್ಲಾಸನ್ನ ಡ್ವೇನ್ ನೋಡ್ಕೋತಾನೆ. ಆ ಕುಪ್ಪಸದ ಉಪಾಯಾನೂ ಅವನದೇ ಅಂತೆ, ಫರ್ನ್ ಹೇಳಿದ್ಲು. ನಿಮ್ಮ ಅರ್ಧಕ್ಕೆ ಏನೂ ಯೋಚನೆ ಬೇಡ, ಅದು ಎಷ್ಟು ವರ್ಷ ಬೇಕಾದ್ರೂ ನಿಮ್ಮದೇ."

ಆರ್ಡಿಸ್ ಕುರ್ಚಿಯ ಕೈ ಹಿಡಿದುಕೊಂಡಳು. ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ಬೆಳಿಗ್ಗೆಯಷ್ಟೇ ಅವಳು ಆ ಅರ್ಧಕ್ಕೂ ಎಳ್ಳುನೀರು ಬಿಟ್ಟಿದ್ದಳು. ಸಿಟ್ಟು ಬಂದದ್ದು ಅದರ ಹಿಂದೆಯೇ. ಒಂದು ಮಾತು ಸಾಕಿತ್ತು: ಬಾಟಲಿಯಲ್ಲಿ ಆಮ್ಲವೇ ಇರಲಿಲ್ಲ. ಇಷ್ಟು ಜನ ಸೇರಿ ನಲ್ಲಿ ನೀರಿಗೆ ಐವತ್ತೇಳು ಬರೆದ ಮೇಲೆ, ಈ ಶಾಲೆಗೆ ಒಂದಲ್ಲ ಎರಡು ಪೂರ್ತಿ ರಸಾಯನಶಾಸ್ತ್ರದ ಟೀಚರುಗಳು ಬೇಕು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂತು.

ಆದರೆ ಅವಳು ಲೆಕ್ಕದ ಹೆಂಗಸು. ಬೆರೆಸುವ ಮೊದಲು ಎಷ್ಟು ಶಾಖ ಬಿಡುಗಡೆಯಾಗುತ್ತದೆ ಎಂದು ನೋಡಬೇಕಲ್ಲ. ಎದುರಿಗೆ ಪ್ರಿನ್ಸಿಪಾಲರು, ಅವರು ಹಳದಿ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಚ್ಚಿಟ್ಟು ತಮ್ಮ ಚಿಕ್ಕಂದಿನ ಅಕ್ಷರವನ್ನು ಪ್ರೀತಿಯಿಂದ ಸವರುತ್ತಿದ್ದರು. ಅವರ ಹಿಂದೆ ಡ್ವೇನ್. ಫರ್ನ್. ಸ್ಕೂಲ್ ಬೋರ್ಡಿನ ಏಳೂ ಜನ. ಚರ್ಚಿನ ಪಾದ್ರಿ. ಬ್ಯಾಂಕಿನವನು, ಪೊಲೀಸಿನವನು, ಊರಿನ ಒಬ್ಬನೇ ಒಬ್ಬ ದಂತವೈದ್ಯ. ಮೂವತ್ತನಾಲ್ಕು ವರ್ಷ, ವರ್ಷಕ್ಕೆ ಹದಿನೈದು ಮಕ್ಕಳ ಹಾಗೆ ಗುಣಿಸಿದರೆ ಐನೂರ ಹತ್ತು ಐವತ್ತೇಳುಗಳು. ಅಷ್ಟು ಶಾಖವನ್ನು ತಡೆಯುವ ಕುಪ್ಪಸ ಡ್ವೇನನ ಟ್ರಕ್ಕಿನಲ್ಲೂ ಇರಲಾರದು.

"ತುಂಬಾ ಸಂತೋಷ," ಅಂದಳು ಆರ್ಡಿಸ್. ಆಶ್ಚರ್ಯವೆಂದರೆ ಅದರಲ್ಲಿ ಅರ್ಧ ನಿಜವೂ ಇತ್ತು.

ಮನೆಗೆ ನಡೆಯುವಾಗ ಹಿಮ ಹನಿಯತೊಡಗಿತ್ತು. ವೆಂಡೆಲ್ ಉಗ್ರಾಣದ ಬಾಗಿಲಲ್ಲೇ ಕಾಯುತ್ತಿದ್ದ. ದೂರದಿಂದಲೇ ಕೈಯೆತ್ತಿ, "ಎಷ್ಟು ಬಂತು?" ಎಂದು ಕೂಗಿದ. ಇವನಿಗಾದರೂ ಹೇಳೋಣ, ಗಂಡನಲ್ಲವೇ ಎಂದು ಅವಳು ಹತ್ತಿರ ಹೋದಳು. ಅವನ ಮುಖದಲ್ಲಿ ಹದಿನೇಳು ವರ್ಷದ ಹುಡುಗನ ಹೆಮ್ಮೆ ಇತ್ತು.

"ಐವತ್ತೇಳು," ಅಂದಳು.

"ಹೇಳಿದ್ನಲ್ಲ," ಅಂದ ವೆಂಡೆಲ್.

ಅವಳು ಅವನ ತೋಳು ಹಿಡಿದುಕೊಂಡು ಪಕ್ಕದಲ್ಲಿ ನಡೆದಳು. ಇಲ್ಲ, ಇವನಿಗೂ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ.